ಅಜ್ಜಿಯ ಒಲೆ ಗೂಡಿನಲ್ಲಿ ಸಿಕ್ಕ ಹಡಗಿನ ಕಡ್ಡಿಪೆಟ್ಟಿಗೆ: ಚಿತ್ರ ಬಿಚ್ಚಿ ಫ್ರೇಮ್ ಹಾಕಿಸಲೇ?

ಶಹಾಪುರ ಓಣಿ

ಎಲ್ಲರಿಗೂ ನಮಸ್ಕಾರ. ಬೆಳಗಾವಿ ಶಹಾಪುರದಲ್ಲಿ ನಮ್ಮ ಅಜ್ಜಿಯ ಹಳೆ ಮನೆ ಇಳಿಸುತ್ತಿದ್ದೇವೆ. ನಿನ್ನೆ ಅಡುಗೆಮನೆ ಗೋಡೆ ಒಡೆಯುವಾಗ ಒಲೆ ಪಕ್ಕದ ಗೂಡಿನಲ್ಲಿ, ಒಳಗಡೆ ಮೂಲೆಯಲ್ಲಿ, ಒಂದು ಕಡ್ಡಿಪೆಟ್ಟಿಗೆ ಸಿಕ್ಕಿತು. ಪೂರ್ತಿ ಮಸಿ. ಬಟ್ಟೆಯಿಂದ ಮೆಲ್ಲಗೆ ಒರೆಸಿದೆ, ಹಾಯಿ ಹಡಗಿನ ಚಿತ್ರ ಕಾಣಿಸಿತು. ಕೆಳಗೆ ಇಂಗ್ಲಿಷಿನಲ್ಲಿ ವೆಸ್ಟರ್ನ್ ಇಂಡಿಯಾ ಮ್ಯಾಚ್ ಕಂಪನಿ ಅಂತ ಇದೆ. ಪೆಟ್ಟಿಗೆ ಈಗಿನ ಹಾಗೆ ರಟ್ಟಿನದ್ದಲ್ಲ, ತೆಳ್ಳಗಿನ ಕಟ್ಟಿಗೆಯದ್ದು, ಅಂಚಿಗೆ ನೀಲಿ ಕಾಗದ ಸುತ್ತಿದ್ದಾರೆ.

ಚಿತ್ರ ಅಂಟಿಸಿದ ಕಾಗದ ಒಂದು ಮೂಲೆಯಲ್ಲಿ ಎದ್ದಿದೆ. ನೀರಿನಲ್ಲಿ ನೆನೆಸಿದರೆ ಸಲೀಸಾಗಿ ಬಿಡುತ್ತದೆ ಅಂತ ಗೆಳೆಯ ಹೇಳಿದ. ಬಿಚ್ಚಿ, ಗಾಜಿನ ಫ್ರೇಮ್ ಹಾಕಿಸಿ ಹೊಸ ಮನೆಯಲ್ಲಿ ತೂಗುಹಾಕಬೇಕು ಅಂತ ಆಸೆ. ಇದು ಎಷ್ಟು ಹಳೆಯದಿರಬಹುದು? ಬಿಚ್ಚುವುದು ಸರಿಯೇ?

ಗಣಪತ ಗಲ್ಲಿ

ದಯವಿಟ್ಟು ಬಿಚ್ಚಬೇಡಿ. ನೀರು ಮುಟ್ಟಿಸಲೇಬೇಡಿ. ಮೊದಲು ನಾಲ್ಕೂ ಬದಿಯ ಫೋಟೋ ತೆಗೆದು ಇಟ್ಟುಕೊಳ್ಳಿ, ಉಳಿದ ಮಾತು ಆಮೇಲೆ.

ರವಿವಾರ ಪೇಟೆ

ತಮ್ಮಾ, ಈ ಪೆಟ್ಟಿಗೆ ಜೊತೆ ನನ್ನದು ಹಳೆಯ ನಂಟು. ನಮ್ಮದು ರವಿವಾರ ಪೇಟೆಯಲ್ಲಿ ಕಿರಾಣಿ ಅಂಗಡಿ ಇತ್ತು, ನಮ್ಮ ಅಪ್ಪಾರು ನಡೆಸುತ್ತಿದ್ದರು. ನಾನು ಗಲ್ಲೆಯ ಹತ್ತಿರ ಕೂತು ಕಡ್ಡಿಪೆಟ್ಟಿಗೆ ಎಣಿಸಿಕೊಡುತ್ತಾ ಬೆಳೆದವನು.

ಹಡಗಿನ ಪೆಟ್ಟಿಗೆ ಮಾಡುವ ಆ ವೆಸ್ಟರ್ನ್ ಇಂಡಿಯಾ ಮ್ಯಾಚ್ ಕಂಪನಿಯನ್ನು ಎಲ್ಲರೂ ವಿಮ್ಕೋ ಅಂತಲೇ ಕರೆಯುತ್ತಿದ್ದರು. ಅದು 1923ರಲ್ಲಿ ಶುರುವಾಯಿತು, ಹಿಂದೆ ಇದ್ದವರು ಸ್ವೀಡನ್ನಿನವರು. ಅಲ್ಲಿನ ಇವಾರ್ ಕ್ರೂಗರ್ ಎಂಬವನನ್ನು ಜಗತ್ತೇ ಕಡ್ಡಿಪೆಟ್ಟಿಗೆ ರಾಜ ಅಂತ ಕರೆಯುತ್ತಿತ್ತು. ದೇಶ ದೇಶಗಳ ಸರ್ಕಾರಗಳಿಗೆ ಸಾಲ ಕೊಟ್ಟು, ಅದಕ್ಕೆ ಬದಲಾಗಿ ಅಲ್ಲಿ ಕಡ್ಡಿಪೆಟ್ಟಿಗೆ ಮಾರುವ ಪೂರ್ತಿ ಹಕ್ಕು ಬರೆಸಿಕೊಳ್ಳುತ್ತಿದ್ದ. ನಮ್ಮ ದೇಶದಲ್ಲಿ ಆ ಆಟ ನಡೆಯಲಿಲ್ಲ. 1922ರಲ್ಲಿ ಇಲ್ಲಿ ಆಮದು ಸುಂಕ ಏರಿತು, ಒಂದು ಗ್ರೋಸು ಅಂದರೆ 144 ಪೆಟ್ಟಿಗೆಗೆ ಒಂದೂವರೆ ರೂಪಾಯಿ ಆಯಿತು. ಹೊರಗಿನಿಂದ ತಂದು ಮಾರಿದರೆ ಗಿಟ್ಟುವುದಿಲ್ಲ, ಹಾಗಾಗಿ ಇಲ್ಲೇ ಕಾರ್ಖಾನೆ ಹಾಕಿದರು. ಮುಂಬೈ ಹತ್ತಿರ ಅಂಬರನಾಥ, ಆಮೇಲೆ ಕಲ್ಕತ್ತಾ, ಬರೇಲಿ, ಮದ್ರಾಸು. ಅಂಬರನಾಥದಲ್ಲಿ ಇವತ್ತಿಗೂ ವಿಮ್ಕೋ ನಾಕಾ ಅಂತ ಒಂದು ಸರ್ಕಲ್ಲಿನ ಹೆಸರೇ ಇದೆ. ಕ್ರೂಗರ್ 1932ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ, ಅವನ ಸಾಮ್ರಾಜ್ಯ ಕುಸಿಯಿತು, ಹಡಗು ಮಾತ್ರ ನಮ್ಮ ಅಂಗಡಿಗೆ ಬರುತ್ತಲೇ ಇತ್ತು.

ಬೆಳಗಾವಿ ಆಗ ಮುಂಬೈ ಪ್ರಾಂತ್ಯದಲ್ಲೇ ಇತ್ತಲ್ಲ, 1956ರ ತನಕ. ನಮ್ಮ ಪೇಟೆಯ ವ್ಯಾಪಾರಿಗಳ ಮುಖವೂ ಆ ಕಡೆಗೇ ಇತ್ತು.

ಇನ್ನು ನನಗೆ ಜಾಸ್ತಿ ನೆನಪಿರುವುದು ಗಿರಾಕಿಗಳು ಕೇಳುತ್ತಿದ್ದ ರೀತಿ. ಯಾರೂ ಕಂಪನಿ ಹೆಸರು ಹೇಳುತ್ತಿರಲಿಲ್ಲ. 'ಹಡಗಿಂದ ಕೊಡ್ರಿ', 'ಕುದರಿ ತಲಿದು ಐತೇನ್ರಿ', ಮರಾಠಿ ಮಂದಿ ಬಂದರೆ 'ಕಾಡಿಪೆಟಿ, ಜಹಾಜವಾಲಿ'. ಹಳ್ಳಿಯಿಂದ ಸಂತೆಗೆ ಬಂದ ಅಜ್ಜಿಗಳಿಗೆ ಓದು ಬರುತ್ತಿರಲಿಲ್ಲ, ಆದರೆ ಹಡಗು ಕೇಳಿದಾಗ ಬೇರೆ ಕೊಟ್ಟರೆ ಕೈಯಲ್ಲೇ ತಿರುಗಿಸಿ ನೋಡಿ ವಾಪಸ್ ಇಡುತ್ತಿದ್ದರು. ಸಮುದ್ರವನ್ನೇ ನೋಡದವರು ಹಡಗಿನ ಹಗ್ಗ ಎಷ್ಟು, ಹಾಯಿ ಎಷ್ಟು ಅಂತ ಗುರುತು ಹಿಡಿಯುತ್ತಿದ್ದರು!

ಜಮಖಂಡಿ ಮಾಸ್ತರ್

ಹುಷಾರಪ್ಪ, ನೀರಿನ ಬಗ್ಗೆ ಇನ್ನೊಂದು ಮಾತು. ಪೆಟ್ಟಿಗೆಯ ಎರಡು ಬದಿಯಲ್ಲಿ ಕಡ್ಡಿ ಗೀರುವ ಕಂದು ಪಟ್ಟಿ ಇದೆಯಲ್ಲ, ಅದು ಅಂಟಿನಲ್ಲಿ ಕಲಸಿ ಬಳಿದದ್ದು. ನೆನೆದರೆ ಕರಗಿ ಹೋಗುತ್ತದೆ. ಚಿತ್ರ ಉಳಿಸಲು ಹೋಗಿ ಆ ಪಟ್ಟಿ ಕಳೆದುಕೊಳ್ಳುತ್ತೀರಿ. ನನ್ನ ದೃಷ್ಟಿಯಲ್ಲಿ ಪೆಟ್ಟಿಗೆಯ ಜೀವ ಇರುವುದೇ ಆ ಪಟ್ಟಿಯಲ್ಲಿ.

ನಾನು 30 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು. ಪ್ರತಿ ವರ್ಷ ಇದೇ ಪ್ರಶ್ನೆ ಕೇಳುತ್ತಿದ್ದೆ: ಕಡ್ಡಿಯನ್ನು ಗೋಡೆಗೆ ಗೀರಿದರೆ ಯಾಕೆ ಹತ್ತುವುದಿಲ್ಲ? ಕಡ್ಡಿಯ ತಲೆಯಲ್ಲಿ ಪೊಟ್ಯಾಸಿಯಂ ಕ್ಲೋರೇಟ್, ಗಂಧಕ, ಆಂಟಿಮನಿ ಸಲ್ಫೈಡ್, ಗಾಜಿನ ಪುಡಿ, ಅಂಟು. ರಂಜಕ, ಅಂದರೆ ಫಾಸ್ಫರಸ್, ಇರುವುದು ತಲೆಯಲ್ಲಲ್ಲ, ಪಟ್ಟಿಯಲ್ಲಿ. ಅದೂ ಕೆಂಪು ರಂಜಕ. ಗೀರಿದಾಗ ತಿಕ್ಕಾಟದ ಬಿಸಿಗೆ ಅದರಲ್ಲಿ ಚೂರೇ ಚೂರು ಬಿಳಿ ರಂಜಕವಾಗಿ ಹೊತ್ತಿಕೊಳ್ಳುತ್ತದೆ, ಆ ಕಿಡಿ ತಲೆಗೆ ತಾಗುತ್ತದೆ. ಕಡ್ಡಿಯ ತುದಿಯನ್ನು ಮೇಣದಲ್ಲಿ ಅದ್ದಿರುವುದರಿಂದ ಉರಿ ಅಲ್ಲಿಂದ ಕಟ್ಟಿಗೆಗೆ ಇಳಿಯುತ್ತದೆ. ಇಷ್ಟೆಲ್ಲ ಒಂದು ಕ್ಷಣದಲ್ಲಿ ನಡೆಯುತ್ತದೆ.

ಹೀಗೆ ಎರಡು ಕಡೆ ಹಂಚುವ ಯೋಚನೆ 1844ರಲ್ಲಿ ಸ್ವೀಡನ್ನಿನ ಗುಸ್ತಾಫ್ ಎರಿಕ್ ಪಾಶ್ ಅವರದ್ದು. ಅದನ್ನು ವ್ಯಾಪಾರಕ್ಕೆ ತಂದವರು ಯೋನ್‌ಶೋಪಿಂಗ್ ಊರಿನ ಲುಂಡ್‌ಸ್ಟ್ರಾಮ್ ಅಣ್ಣತಮ್ಮಂದಿರು, 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಅವರಿಗೆ ಪದಕ ಬಂತು. ಅದಕ್ಕೂ ಮೊದಲು ಬಿಳಿ ರಂಜಕವನ್ನೇ ತಲೆಗೆ ಹಾಕುತ್ತಿದ್ದರು. ಕಾರ್ಖಾನೆಯಲ್ಲಿ ಅದರ ಹೊಗೆ ಕುಡಿದ ಹೆಣ್ಣುಮಕ್ಕಳ ದವಡೆ ಎಲುಬೇ ಕೊಳೆತು ಹೋಗುತ್ತಿತ್ತು. 1888ರಲ್ಲಿ ಲಂಡನ್ನಿನ ಬ್ರಯಂಟ್ ಅಂಡ್ ಮೇ ಕಾರ್ಖಾನೆಯ ಹುಡುಗಿಯರು ಕೆಲಸ ನಿಲ್ಲಿಸಿ ಬೀದಿಗೆ ಬಂದದ್ದಕ್ಕೆ ದಂಡ, ಕಡಿಮೆ ಕೂಲಿ, ಈ ರೋಗ ಎಲ್ಲವೂ ಕಾರಣ. 1906ರಲ್ಲಿ ಬರ್ನ್ ನಗರದಲ್ಲಿ ಹಲವು ದೇಶಗಳು ಸೇರಿ ಬಿಳಿ ರಂಜಕದ ಕಡ್ಡಿ ನಿಷೇಧಿಸುವ ಒಪ್ಪಂದ ಮಾಡಿಕೊಂಡವು. ಪೆಟ್ಟಿಗೆ ಮೇಲೆ 'ಸೇಫ್ಟಿ ಮ್ಯಾಚಸ್' ಅಂತ ಬರೆದಿರುವುದನ್ನು ನಾವು ಸುಮ್ನೆ ದಾಟಿ ಹೋಗುತ್ತೇವೆ, ಆ ಎರಡು ಪದದ ಹಿಂದೆ ಇಷ್ಟು ಜನರ ನೋವು ಇದೆ.

ಇಳಕಲ್ ಅಕ್ಕ

ಮಾಸ್ತರ್ ಹೇಳಿದ್ದು ಓದಿ ಮನಸ್ಸು ಭಾರ ಆಯಿತು.

ತಮ್ಮಾ, ಪೆಟ್ಟಿಗೆ ಒಳಗೆ ಏನಿತ್ತು ಅಂತ ಹೇಳಲೇ ಇಲ್ಲವಲ್ಲ? ಕಡ್ಡಿ ಮುಗಿದ ಪೆಟ್ಟಿಗೆಯನ್ನು ನಮ್ಮ ಕಡೆ ಯಾವ ಹೆಣ್ಣುಮಗಳೂ ಎಸೆದವಳಲ್ಲ. ನಮ್ಮ ಅವ್ವ ಸೂಜಿ, ಗುಂಡಿ, ಮಗ್ಗದ ರೇಷ್ಮೆ ಎಳೆ, ಮಕ್ಕಳ ಉದುರಿದ ಹಲ್ಲು ಎಲ್ಲ ಅದರಲ್ಲೇ ಇಡುತ್ತಿದ್ದಳು. ಕಟ್ಟಿಗೆ ಪೆಟ್ಟಿಗೆ ಎಳೆದರೆ ಒಂದು ಸಣ್ಣ ಸದ್ದು ಬರುತ್ತಿತ್ತು, ಒಣಗಿದ ಎಲೆ ಸವರಿದ ಹಾಗೆ. ರಟ್ಟಿನದ್ದರಲ್ಲಿ ಆ ಸದ್ದು ಇಲ್ಲ.

ಇನ್ನೊಂದು ನೆನಪು. ಲಕ್ಷ್ಮಿ, ಮುರುಗನ್, ಕೃಷ್ಣನ ಚಿತ್ರದ ಪೆಟ್ಟಿಗೆ ಬಂದರೆ ನಮ್ಮ ಅವ್ವನಿಗೆ ಸಂಕಟ. ಖಾಲಿಯಾದ ಮೇಲೆ ಕಸಕ್ಕೆ ಹಾಕುವಂತಿಲ್ಲ, ಒಲೆಗೂ ಹಾಕುವಂತಿಲ್ಲ. ಚಿತ್ರ ಕತ್ತರಿಸಿ ದೇವರ ಜಗಲಿಗೆ ಅಂಟಿಸುತ್ತಿದ್ದಳು. ಹಾಗಾಗಿ ಅಂಗಡಿಗೆ ಕಳಿಸುವಾಗಲೇ 'ದೇವರಿಂದ ಬ್ಯಾಡ, ಹಡಗು ಇಲ್ಲಾ ಬೀಗದ ಕೈ ತಗೊಂಡ್ ಬಾ' ಅಂತಿದ್ದಳು.

ಶಹಾಪುರ ಓಣಿ

ಅಕ್ಕಾ, ನೀವು ಕೇಳಿದ ಮೇಲೆ ಎದ್ದು ಹೋಗಿ ಮತ್ತೆ ನೋಡಿದೆ. ಕಡ್ಡಿ ಒಂದೂ ಇಲ್ಲ. ಹತ್ತಿಯಲ್ಲಿ ಸುತ್ತಿದ ಒಂದು ಮೂಗುಬೊಟ್ಟು ಇದೆ, ತಿರುಪು ಸಮೇತ. ಜೊತೆಗೆ ಒಂದು ನಯಾ ಪೈಸೆ, 1962ನೇ ಇಸವಿಯದ್ದು. ಪೆಟ್ಟಿಗೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಸಣ್ಣ ಕಾಗದದ ಪಟ್ಟಿ ಅಂಟಿಸಿದ್ದು ಹರಿದ ಗುರುತೂ ಇದೆ. ಅದು ಕೊಳೆ ಅಂದುಕೊಂಡು ಉಗುರಿನಿಂದ ಕೆರೆಯಲು ಹೊರಟಿದ್ದೆ.

ಹಾಗಾದರೆ ಪೆಟ್ಟಿಗೆ 1962ರದ್ದು ಅಂತ ಹೇಳಬಹುದಾ?

ಗುಮ್ಮಟದ ನೆರಳು

ಅದನ್ನು ಮಾತ್ರ ಕೆರೆಯಬೇಡಿ! ಅದೇ ನಿಮ್ಮ ಪೆಟ್ಟಿಗೆಯ ಜಾತಕ.

ನಾನು ವಿಜಯಪುರದವನು, ಹುಡುಗನಾಗಿದ್ದಾಗಿನಿಂದ ಕಡ್ಡಿಪೆಟ್ಟಿಗೆ ಚಿತ್ರ ಕೂಡಿಸಿಕೊಂಡು ಬಂದಿದ್ದೇನೆ. ಗೋಳಗುಮ್ಮಟದ ಎದುರಿನ ರಸ್ತೆಯಲ್ಲಿ, ಟಾಂಗಾ ನಿಲ್ಲುವ ಜಾಗದಲ್ಲಿ, ಬೀಡಿ ಸೇದುವವರು ಎಸೆದ ಪೆಟ್ಟಿಗೆ ಆರಿಸುತ್ತಿದ್ದೆವು. ಮೇಲಿನ ಚಿತ್ರ ಹರಿದುಕೊಂಡು ಛಾಪಾ ಅಂತ ಆಟ. ಅಪರೂಪದ ಒಂದು ಛಾಪಾಕ್ಕೆ ಸಾಮಾನ್ಯದ್ದು ಹತ್ತು ಕೊಡಬೇಕಿತ್ತು. ಆಗ ಹರಿದ ಪೆಟ್ಟಿಗೆಗಳನ್ನು ನೆನೆದರೆ ಈಗ ಹೊಟ್ಟೆ ಉರಿಯುತ್ತದೆ. ಚಿತ್ರ ನನ್ನ ಹತ್ತಿರ ನೂರಾರು ಇವೆ, ಆದರೆ ಯಾವ ಪೆಟ್ಟಿಗೆಯದ್ದು, ಎಷ್ಟು ಕಡ್ಡಿಯದ್ದು, ಬದಿಯಲ್ಲಿ ಏನಿತ್ತು ಅಂತ ಹೇಳುವ ಗುರುತೆಲ್ಲ ನಾನೇ ಚರಂಡಿಗೆ ಎಸೆದಿದ್ದೇನೆ.

ಈಗ ನಿಮ್ಮ ಕಾಗದದ ಪಟ್ಟಿಯ ವಿಷಯ. 1934ರಲ್ಲಿ ಬ್ರಿಟಿಷ್ ಸರ್ಕಾರ ಕಡ್ಡಿಪೆಟ್ಟಿಗೆ ಮೇಲೆ ಅಬಕಾರಿ ಸುಂಕದ ಕಾಯಿದೆ ತಂದಿತು. ಸುಂಕ ಕಟ್ಟಿದ್ದಕ್ಕೆ ಗುರುತಾಗಿ ಪೆಟ್ಟಿಗೆಗೆ ಒಂದು ಕಾಗದದ ಪಟ್ಟಿ ಅಂಟಿಸಬೇಕು, ಅದಕ್ಕೆ ಬ್ಯಾಂಡರೋಲ್ ಅಂತ ಹೆಸರು. ಪೆಟ್ಟಿಗೆಯಲ್ಲಿ ಎಷ್ಟು ಕಡ್ಡಿ ಅನ್ನುವುದರ ಮೇಲೆ ಸುಂಕ, 40, 60, 80 ಅಂತ ದರ್ಜೆ. ಹಾಗಾಗಿ ನಿಮ್ಮ ಪೆಟ್ಟಿಗೆ 1934ಕ್ಕಿಂತ ಹಿಂದಿನದ್ದಲ್ಲ. ಸ್ವಾತಂತ್ರ್ಯ ಬಂದ ಮೇಲೂ ಬಹಳ ವರ್ಷ ಈ ಪಟ್ಟಿ ಇತ್ತು.

ನಾಣ್ಯ ನೋಡಿ ಪೆಟ್ಟಿಗೆಯ ವಯಸ್ಸು ಹೇಳುವಂತಿಲ್ಲ. ನಾಣ್ಯ ಅದರೊಳಗೆ 1962ರ ಮೊದಲು ಬಿದ್ದಿಲ್ಲ, ಅಷ್ಟೇ. ನಯಾ ಪೈಸೆ 1957ರಲ್ಲಿ ಬಂತು, 1964ರಲ್ಲಿ 'ನಯಾ' ಪದ ಹೋಯಿತು. ಅಕ್ಕ ಹೇಳಿದ ಹಾಗೆ ಖಾಲಿ ಪೆಟ್ಟಿಗೆ ಹತ್ತು ವರ್ಷ ಗೂಡಿನಲ್ಲಿದ್ದು ಆಮೇಲೆ ನಾಣ್ಯ ಬಿದ್ದಿರಬಹುದು. ಆದರೂ ಕಡ್ಡಿಪೆಟ್ಟಿಗೆ ವಾರಕ್ಕೊಂದು ಮುಗಿಯುವ ವಸ್ತು, ಕೈಗೆ ಸಿಗುವುದು ಹೊಸ ಖಾಲಿ ಪೆಟ್ಟಿಗೆಯೇ. ನನ್ನ ಅಂದಾಜು ಕೇಳಿದರೆ 60ರ ದಶಕದ ಮೊದಲ ಭಾಗ.

ಚಿತ್ರಗಳ ಕಥೆ ಇನ್ನೂ ದೊಡ್ಡದು. ಇಲ್ಲಿ ಕಾರ್ಖಾನೆ ಬರುವ ಮೊದಲು ಸ್ವೀಡನ್, ಆಸ್ಟ್ರಿಯಾ, ಜಪಾನಿನಿಂದ ಪೆಟ್ಟಿಗೆ ಬರುತ್ತಿತ್ತು. ಇಲ್ಲಿ ಮಾರಾಟ ಆಗಬೇಕಲ್ಲ, ಹಾಗಾಗಿ ಜಪಾನಿನವರೇ ನಮ್ಮ ದೇವರುಗಳನ್ನು ಅಚ್ಚು ಹಾಕಿ ಕಳಿಸುತ್ತಿದ್ದರು. ಸ್ವದೇಶಿ ಕಾಲದಲ್ಲಿ ಚರಕ, ಭಾರತಮಾತೆ ಬಂದರು. ಶಿವಕಾಶಿಯ ಅಯ್ಯ ನಾಡಾರ್, ಷಣ್ಮುಗ ನಾಡಾರ್ ಇಬ್ಬರೂ ಕಲ್ಕತ್ತಾಕ್ಕೆ ಹೋಗಿ ಈ ಕೆಲಸ ಕಲಿತು ಬಂದು 1923ರಲ್ಲಿ ತಮ್ಮ ಊರಿನಲ್ಲಿ ಶುರು ಮಾಡಿದರು. ನೋಡಿ, ವಿಮ್ಕೋ ಹುಟ್ಟಿದ ವರ್ಷವೇ. ಒಂದು ಕಡೆ ದೊಡ್ಡ ಯಂತ್ರ, ಇನ್ನೊಂದು ಕಡೆ ಕೈಕೆಲಸ. ಮಳೆ ಕಡಿಮೆ, ಬೇಸಾಯ ಕಷ್ಟ ಇದ್ದ ಆ ಸೀಮೆಗೆ ಒಣಹವೆಯೇ ವರ ಆಯಿತು, ಕಡ್ಡಿ ಬೇಗ ಒಣಗುತ್ತಿತ್ತು. ಚಿತ್ರ ಬೇಕು ಅಂತ ಅಚ್ಚುಕೂಟಗಳು ಬಂದವು, ಆಮೇಲೆ ದೇಶದ ಅರ್ಧ ಕ್ಯಾಲೆಂಡರು ಅಲ್ಲೇ ಅಚ್ಚಾಗತೊಡಗಿತು. ಆದರೆ ಆ ಕೈಕೆಲಸದಲ್ಲಿ ಎಷ್ಟೋ ವರ್ಷ ಸಣ್ಣ ಮಕ್ಕಳ ಕೈಯೂ ಇತ್ತು, ಅದನ್ನು ಮರೆತು ಚಿತ್ರ ಚೆಂದ ಅಂತ ಮಾತ್ರ ಹೇಳಲು ನನಗೆ ಮನಸ್ಸಿಲ್ಲ.

ತಿಳಕವಾಡಿ ಡಿಸೈನರ್

ನಾನು ಪ್ಯಾಕೇಜಿಂಗ್ ಡಿಸೈನ್ ಕೆಲಸ ಮಾಡುತ್ತೇನೆ. ಬಿಚ್ಚಬೇಡಿ ಅನ್ನುವುದಕ್ಕೆ ನನ್ನ ಮತವೂ ಇದೆ, ಆದರೆ ಕಾರಣ ಬೇರೆ.

ಈ ಚಿತ್ರಗಳನ್ನು ಚಪ್ಪಟೆ ಮಾಡಿ ಫ್ರೇಮಿನಲ್ಲಿ ಹಾಕಿದಾಗ ಅವು ಬರೀ ಪೋಸ್ಟರ್ ಆಗುತ್ತವೆ. ಮಾಡಿದವರು ಗೋಡೆಗೆ ಅಂತ ಮಾಡಿಲ್ಲ. ಎರಡು ಬೆರಳಿನಷ್ಟು ಅಗಲದ ಜಾಗ. ಸಂಜೆ ಚಿಮಣಿ ಹಚ್ಚುವ ಮೊದಲು, ಅರೆಗತ್ತಲಿನಲ್ಲಿ, ಹೊಗೆ ತುಂಬಿದ ಅಡುಗೆಮನೆಯಲ್ಲಿ ಕಣ್ಣಿಗೆ ಬೀಳಬೇಕು. ಅದಕ್ಕೇ ಗಾಢ ಕೆಂಪು, ಹಳದಿ, ಕಪ್ಪು ಗೆರೆ, ನಡುವೆ ಒಂದೇ ಒಂದು ವಸ್ತು. ಹಡಗು, ಕುದುರೆ ತಲೆ, ಬೀಗದ ಕೈ. ಒಂದು ಪದದಲ್ಲಿ ಅಂಗಡಿಯವನಿಗೆ ಹೇಳಲು ಬರಬೇಕು. ಈಗಲೂ ನಮ್ಮ ಅಂಗಡಿಗಳಲ್ಲಿ ಸಿಗುವ ಚೀತಾ ಫೈಟ್ ನೋಡಿ, ಚಿರತೆ ಜೊತೆ ಮನುಷ್ಯ ಹೊಡೆದಾಡುವ ಚಿತ್ರ. ಒಂದು ಪೂರ್ತಿ ಕಥೆ ಎರಡು ಬೆರಳ ಜಾಗದಲ್ಲಿ ಇದೆ. ನಾನು ಕಾಲೇಜಿನಲ್ಲಿ ವರ್ಷಗಟ್ಟಲೆ ಕಲಿತದ್ದನ್ನು ಈ ಹೆಸರಿಲ್ಲದ ಕಲಾವಿದರು ಒಂದು ಪೆಟ್ಟಿಗೆಯಲ್ಲಿ ಮಾಡಿ ತೋರಿಸಿದ್ದಾರೆ, ನನಗೆ ಅವರ ಮೇಲೆ ದೊಡ್ಡ ಗೌರವ.

ಹೆಸರು ಉಳಿದದ್ದೂ ಇದೆ. ಸ್ವೀಡನ್ನಿನಲ್ಲಿ ಸೂಲ್‌ಸ್ಟಿಕನ್ ಅಂತ ಒಂದು ಪೆಟ್ಟಿಗೆ ಇದೆ, ಸೂರ್ಯ ಮತ್ತು ನಡೆಯುತ್ತಿರುವ ಪುಟ್ಟ ಮಗುವಿನ ಚಿತ್ರ. ಐನಾರ್ ನೆರ್ಮಾನ್ ಬರೆದದ್ದು, 1936ರಿಂದ ಇದೆ. ಅದರ ಮಾರಾಟದ ಒಂದು ಪಾಲು ಮಕ್ಕಳ, ಮುದುಕರ ನೆರವಿಗೆ ಹೋಗುತ್ತದೆ. ಅದೇ ಚಿತ್ರ ಇವತ್ತಿಗೂ ನಡೆಯುತ್ತಿದೆ.

ಶಹಾಪುರದವರೇ, ನಿಮಗೆ ಗೋಡೆಗೆ ಚಿತ್ರ ಬೇಕು ಅಂದರೆ ಪೆಟ್ಟಿಗೆಯನ್ನು ಸ್ಕ್ಯಾನ್ ಮಾಡಿ ದೊಡ್ಡದಾಗಿ ಪ್ರಿಂಟ್ ತೆಗೆಯೋಣ. ಮಸಿ ಇದ್ದ ಹಾಗೇ ಇರಲಿ. ನಾನೇ ಮಾಡಿಕೊಡುತ್ತೇನೆ, ದುಡ್ಡು ಬೇಡ.

ರವಿವಾರ ಪೇಟೆ

ತಂಗೀ, ಒಂದು ವಿಷಯ ಒಪ್ಪುವುದಿಲ್ಲ. ಚಿತ್ರ ಚೆಂದ ಇದ್ದ ಮಾತ್ರಕ್ಕೆ ಪೆಟ್ಟಿಗೆ ಓಡುತ್ತಿರಲಿಲ್ಲ. ಬೆಳಗಾವಿ ಮಳೆಗಾಲ ನಿಮಗೂ ಗೊತ್ತಲ್ಲ, ಜುಲೈನಲ್ಲಿ ನಾಲ್ಕು ದಿನ ಸೂರ್ಯ ಕಾಣುವುದಿಲ್ಲ. ಆಗ ಹತ್ತುವ ಕಡ್ಡಿಯೇ ಕಡ್ಡಿ. ಒಂದು ಸಲ ಅಪ್ಪಾರು ಅಗ್ಗಕ್ಕೆ ಸಿಕ್ಕಿತು ಅಂತ ಬೇರೆ ಯಾವುದೋ ಹೆಸರಿನ ಮಾಲು ತಂದರು, ಹಡಗಿಗೆ ಹೋಲುವ ದೋಣಿಯ ಚಿತ್ರ ಇತ್ತು. ಗೀರಿದರೆ ತಲೆಯೇ ಉದುರುತ್ತಿತ್ತು. ಮೂರು ದಿನದಲ್ಲಿ ಅರ್ಧ ಗಿರಾಕಿ ವಾಪಸ್ ತಂದರು, ಅಪ್ಪಾರು ಒಂದು ಮಾತಾಡದೆ ಎಲ್ಲರಿಗೂ ಹಡಗು ಕೊಟ್ಟರು. ಆ ನಷ್ಟ ತುಂಬಲು ದೀಪಾವಳಿ ತನಕ ಬೇಕಾಯಿತು.

ತಿಳಕವಾಡಿ ಡಿಸೈನರ್

ಕಾಕಾ, ನಿಮ್ಮ ಮಾತು ಸರಿ. ಆದರೆ ವಾಪಸ್ ತಂದವರು ಮುಂದಿನ ಸಲ ದೋಣಿ ಬೇಡ, ಹಡಗು ಕೊಡಿ ಅಂತ ಕೇಳಿರಬೇಕಲ್ವಾ? ಚಿತ್ರ ಮಾಡಿದ ಕೆಲಸ ಅದೇ.

ರವಿವಾರ ಪೇಟೆ

ಅದು ಖರೆ. ಪೆಟ್ಟಿಗೆ ಎತ್ತಿ ಹಾಯಿ ಎಣಿಸಲು ಶುರು ಮಾಡಿದ್ದೇ ಆಮೇಲೆ.

ಹಳೆ ಬಾಗಲಕೋಟೆ

ಎಲ್ಲರ ಮಾತು ಓದುತ್ತಾ ಕೂತಿದ್ದೆ. ನಮ್ಮ ಅಂಗಡಿ ಇದ್ದ ಓಣಿ ಈಗ ಆಲಮಟ್ಟಿ ಹಿನ್ನೀರಿನಲ್ಲಿದೆ. ನವನಗರಕ್ಕೆ ಬರುವಾಗ ತಕ್ಕಡಿ, ತೂಕದ ಕಲ್ಲು ತಂದೆವು, ಇಂಥ ಸಣ್ಣ ವಸ್ತು ಒಂದೂ ತರಲಿಲ್ಲ. ನಿಮಗೆ ಸಿಕ್ಕಿದೆ, ಜೋಪಾನ ಮಾಡಿ.

ಬೆಲೆಯ ಲೆಕ್ಕ ನನ್ನ ಬಾಯಲ್ಲೇ ಇದೆ. 25 ಪೈಸೆ ಇದ್ದದ್ದು 1995ರಲ್ಲಿ 50 ಪೈಸೆ ಆಯಿತು. 2007ರಲ್ಲಿ ಒಂದು ರೂಪಾಯಿ. ಆಮೇಲೆ 14 ವರ್ಷ ಅಲುಗಾಡಲಿಲ್ಲ, 2021ರ ಡಿಸೆಂಬರಿನಲ್ಲಿ ಎರಡು ರೂಪಾಯಿ ಮಾಡಿದರು. ಬೇಳೆ, ಎಣ್ಣೆ, ಸಕ್ಕರೆ ಎಲ್ಲದರ ರೇಟು ಏರಿದಾಗ ಗಿರಾಕಿಗಳು ನಮ್ಮ ಮೇಲೆ ರೇಗಿದ್ದಾರೆ. ಕಡ್ಡಿಪೆಟ್ಟಿಗೆ ದುಪ್ಪಟ್ಟಾದಾಗ ಮಾತ್ರ ಯಾರೂ ಏನೂ ಅನ್ನಲಿಲ್ಲ. ಗ್ಯಾಸಿಗೆ ಲೈಟರ್ ಬಂದಿದೆ, ಕರೆಂಟು ಇದೆ. ಈಗ ದೇವರ ದೀಪಕ್ಕೆ, ಊದಿನಕಡ್ಡಿಗೆ, ಬೀಡಿಗೆ ಅಷ್ಟೇ ಬೇಕು. ವಿಮ್ಕೋ ಕೂಡ 2005ರಲ್ಲಿ ಐಟಿಸಿ ಕಂಪನಿ ಕೈಗೆ ಹೋಯಿತು. ಹಡಗು ಇನ್ನೂ ಸಿಗುತ್ತದೆ, ಅವರದೇ ಇನ್ನೊಂದು ಪೆಟ್ಟಿಗೆ ಹೋಮ್‌ಲೈಟ್ಸ್ ಕೂಡ.

ಜಮಖಂಡಿ ಮಾಸ್ತರ್

ಇಡುವುದು ಹೇಗೆ ಅಂತ ಹೇಳಿಬಿಡುತ್ತೇನೆ. ಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಬೇಡವೇ ಬೇಡ. ಎದ್ದಿರುವ ಮೂಲೆಯನ್ನು ಹಾಗೇ ಬಿಡಿ. ತೆಳ್ಳಗಿನ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿ ಇಡಿ, ಬಿಸಿಲು ಬೀಳದ ಕಡೆ. ಮಳೆಗಾಲ ಮುಗಿದ ಮೇಲೆ ಒಮ್ಮೆ ತೆಗೆದು ನೋಡಿ. ಈ ಮನೆಯ ಹಿರಿಯರು ಒಲೆ ಪಕ್ಕದ ಗೂಡಿನಲ್ಲಿ ಇಟ್ಟದ್ದಕ್ಕೇ ಇಷ್ಟು ವರ್ಷ ತೇವ ತಾಗಿಲ್ಲ.

ಶಹಾಪುರ ಓಣಿ

ಎಲ್ಲರಿಗೂ ಕೈ ಮುಗಿದು ಹೇಳುತ್ತೇನೆ, ಬಿಚ್ಚುವುದಿಲ್ಲ.

ಇವತ್ತು ಸಂಜೆ ಖಡೇಬಜಾರಿನಲ್ಲಿ ಹುಡುಕಿ ಒಂದು ಹೊಸ ಹಡಗು ತಂದೆ, ಎರಡು ರೂಪಾಯಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ಹೊಸದರಲ್ಲಿ ಚಿತ್ರ ರಟ್ಟಿನ ಮೇಲೆ ನೇರ ಅಚ್ಚಾಗಿದೆ, ಬಿಚ್ಚಲು ಬೇರೆ ಕಾಗದವೇ ಇಲ್ಲ. ಹಳೆಯದು ಕೈಯಲ್ಲಿ ಹಗುರ, ಆದರೆ ಬೆರಳಿನಿಂದ ತಟ್ಟಿದರೆ ಸದ್ದು ಬೇರೆ.

ಅವ್ವನಿಗೆ ತೋರಿಸಿದೆ. ಕನ್ನಡಕ ಹಾಕಿಕೊಳ್ಳುವ ಮೊದಲೇ 'ಹಡಗ' ಅಂದಳು. ಆಮೇಲೆ ಒಳಗಿನ ಹತ್ತಿ ಬಿಡಿಸಿದಳು. ಅವಳು ಸಣ್ಣವಳಿದ್ದಾಗ ಅಜ್ಜಿಯ ಮೂಗುಬೊಟ್ಟು ಕಳೆದಿತ್ತಂತೆ. ಹಿತ್ತಲ ಬಚ್ಚಲ ಕಾಲುವೆಯ ಕೆಸರನ್ನೆಲ್ಲ ಜರಡಿ ಹಿಡಿದಿದ್ದರಂತೆ. ಅಜ್ಜಿ ತಾನೇ ತೆಗೆದಿಟ್ಟು ಮರೆತಿದ್ದಳೋ, ಯಾರಾದರೂ ಸಿಕ್ಕಿದ್ದನ್ನು ಎತ್ತಿಟ್ಟು ಹೇಳುವುದು ಬಿಟ್ಟರೋ, ಅವ್ವ ಬಹಳ ಹೊತ್ತು ಅದನ್ನೇ ಯೋಚಿಸುತ್ತಾ ಕೂತಿದ್ದಳು. ಕೊನೆಗೆ ಮೂಗುಬೊಟ್ಟನ್ನು ಅದೇ ಹತ್ತಿಯಲ್ಲಿ ಸುತ್ತಿ ಅದೇ ಪೆಟ್ಟಿಗೆಗೆ ಹಾಕಿ, ಮುಚ್ಚಿ, ತನ್ನ ಟ್ರಂಕಿನಲ್ಲಿ ಇಳಕಲ್ ಸೀರೆಯ ಮಡಿಕೆಯೊಳಗೆ ಇಟ್ಟಳು.

ಡಿಸೈನರ್ ಅಕ್ಕಾ, ಸ್ಕ್ಯಾನ್ ಮಾಡಲು ರವಿವಾರ ಮನೆಗೇ ಬನ್ನಿ. ಪೆಟ್ಟಿಗೆಯನ್ನು ಹೊರಗೆ ಕಳಿಸಲು ಅವ್ವ ಒಪ್ಪುತ್ತಿಲ್ಲ.